ಮುದಿ ಬೆಕ್ಕಿನ ಅತಿಹಸಿವೂ ಒಂದು ರೋಗವೇ



ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಬೆಕ್ಕಿನ ಮಾತು ನನಗೇಕೆಂದು ನೀವು ಕೇಳಬಹುದು. ಬೆಳೆದ ಕಾಳನ್ನು ಇಲಿಯ ಬಾಯಿಂದ ಉಳಿಸಿಕೊಡುವ ಪ್ರಾಣಿಯ ಬಗ್ಗೆ ನಾವಲ್ಲದೆ ಮತ್ತಾರು ಮಾತನಾಡಬೇಕು? ಎತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರ ಬಳಿಗೆ ಓಡುತ್ತೇವೆ. ಬೆಕ್ಕು ಬಡಕಲಾದರೆ ಮಾತ್ರ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ.

ನಾನೂ ಹಾಗೆಯೇ ಮಾಡಿದವನು. ನಮ್ಮ ಮನೆಯ 12 ವರ್ಷದ ಬೆಕ್ಕು ಎಷ್ಟು ಹಾಕಿದರೂ ಸಾಲದೆಂದು ಅರಚುತ್ತಿತ್ತು, ರಾತ್ರಿಯೆಲ್ಲ ಅಲೆಯುತ್ತಿತ್ತು. ಆದರೂ ಬೆನ್ನೆಲುಬು ಎಣಿಸುವಂತಾಗಿತ್ತು. ಜಂತುಹುಳುವಿನ ಬಾಧೆಯೆಂದು ಭಾವಿಸಿ ಎರಡು ತಿಂಗಳು ವ್ಯರ್ಥವಾಗಿ ಕಳೆದೆ. ಕೊನೆಗೆ ರಕ್ತಪರೀಕ್ಷೆಯಿಂದ ತಿಳಿದದ್ದು, ಅದಕ್ಕಿದ್ದದ್ದು ಥೈರಾಯಿಡ್ ಗ್ರಂಥಿಯ ಅತಿಸ್ರಾವ.

ಕುತ್ತಿಗೆಯಲ್ಲಿರುವ ಈ ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನು ಮಿತಿಮೀರಿದಾಗ ತಿಂದದ್ದೆಲ್ಲ ಉರಿದುಹೋಗುತ್ತದೆ, ಹೃದಯದ ಬಡಿತ ಏರುತ್ತದೆ. ಗಂಟು ಬಹುಪಾಲು ಕ್ಯಾನ್ಸರ್ ಅಲ್ಲ. 1979ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಈ ರೋಗ 10 ವರ್ಷ ದಾಟಿದ ಬೆಕ್ಕುಗಳಲ್ಲೇ ಹೆಚ್ಚು.

ವಿಕಿರಣಶೀಲ ಅಯೋಡಿನ್ ಒಂದೇ ಸಲಕ್ಕೆ ಹೆಚ್ಚಿನ ಬೆಕ್ಕುಗಳನ್ನು ಗುಣಪಡಿಸುತ್ತದೆ. ಆದರೆ ಅದಕ್ಕೆ ವಿಶೇಷ ಕೇಂದ್ರ ಬೇಕು; ಹಳ್ಳಿಯವರಿಗೆ ಎಟುಕುವ ಮಾತಲ್ಲ. ಅಯೋಡಿನ್ ಕಡಿಮೆ ಮಾಡಿದ ಸಿದ್ಧ ಆಹಾರವೂ ಉಂಟು. ಅದನ್ನು ಕೊಡುವಾಗ ಬೇರೇನನ್ನೂ ತಿನ್ನಿಸಕೂಡದು. ಇಲಿ ಹಿಡಿಯುವ, ಹಾಲು ಕದಿಯುವ ಬೆಕ್ಕಿಗೆ ಈ ಪಥ್ಯ ಹೇಳುವವರಾರು! ಆದುದರಿಂದ ನಮಗೆ ಒಗ್ಗುವುದು ಕಾರ್ಬಿಮಜೋಲ್ ಗುಳಿಗೆಯೇ ಎಂಬುದು ನನ್ನ ಅಭಿಪ್ರಾಯ. ಅದು ಹಾರ್ಮೋನಿನ ಉತ್ಪತ್ತಿಯನ್ನು ತಡೆಯುತ್ತದೆಯೇ ಹೊರತು ಗಂಟನ್ನು ಕರಗಿಸುವುದಿಲ್ಲ. ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಥೈರಾಯಿಡ್ ಗುಳಿಗೆಯನ್ನು ಬೆಕ್ಕಿಗೆ ತಿನ್ನಿಸಬೇಡಿ. ಅದು ಸಾಮಾನ್ಯವಾಗಿ ಥೈರಾಕ್ಸಿನ್ ಆಗಿರುತ್ತದೆ, ಹಾರ್ಮೋನು ಸಾಲದವರಿಗೆ ಕೊಡುವಂಥದ್ದು. ಈ ಬೆಕ್ಕಿಗೆ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಕಾರ್ಬಿಮಜೋಲನ್ನೂ ಅಂದಾಜಿನಲ್ಲಿ ಕೊಡುವಂತಿಲ್ಲ. ಹಾರ್ಮೋನು ಹೆಚ್ಚಿದ್ದಾಗ ಮೂತ್ರಪಿಂಡಕ್ಕೆ ರಕ್ತ ಹೆಚ್ಚು ಹರಿದು ಅದರ ದೋಷ ಮರೆಯಾಗಿರುತ್ತದೆ. ಗುಳಿಗೆಯಿಂದ ಹಾರ್ಮೋನು ಇಳಿದೊಡನೆ ಹೊರಬೀಳಬಹುದು. ಆದ್ದರಿಂದ ಆರಂಭದಲ್ಲೂ, ಎರಡು ಮೂರು ವಾರಗಳ ನಂತರವೂ ರಕ್ತಪರೀಕ್ಷೆ ಮಾಡಿಸಿರಿ. ವಾಂತಿ ಮಾಡಿದರೆ, ಮುಖವನ್ನು ಕೆರೆದುಕೊಂಡು ಗಾಯ ಮಾಡಿಕೊಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿರಿ. ಗುಳಿಗೆಯನ್ನು ಪುಡಿಮಾಡಬೇಡಿ, ಗರ್ಭಿಣಿಯರು ಅದನ್ನು ಬರಿಗೈಯಲ್ಲಿ ಮುಟ್ಟಕೂಡದು.

ನಮ್ಮ ಬೆಕ್ಕಿಗೆ ಬೆಳಿಗ್ಗೆ ಸಂಜೆ ಗುಳಿಗೆ ನುಂಗಿಸುವ ಕೆಲಸ ನನ್ನದೇ. ಒಣಮೀನಿನ ಚೂರಿನೊಳಗೆ ಇಟ್ಟರೆ ಮೀನು ತಿಂದು ಗುಳಿಗೆ ಉಗುಳುತ್ತದೆ. ಬೆಣ್ಣೆಯ ಉಂಡೆಯಲ್ಲಿಟ್ಟರೆ ತಕರಾರಿಲ್ಲ.