ಸುಮ್ಮನೆ ಓದುತ್ತಿರುವ ಅಡಿಕೆ ಬೆಳೆಗಾರ ಬಂಧುಗಳಿಗೆ



ಕೃಷಿಯ ವಾಟ್ಸಾಪ್ ಗುಂಪುಗಳಲ್ಲಿ ದಿನವೂ ಮಾತಾಡುವವರಿಗೆ ನಾನು ಇದನ್ನು ಬರೆಯುತ್ತಿಲ್ಲ. ಬೆಳಗಿನ ಕೊಟ್ಟಿಗೆ ಕೆಲಸ ಮುಗಿಸಿ, ಕಾಫಿ ಕುಡಿಯುತ್ತಾ ಫೋನು ತೆರೆದು, ಬಂದದ್ದನ್ನೆಲ್ಲ ಒಂದೂ ಬಿಡದೆ ಓದಿ, ಒಂದಕ್ಷರ ಬರೆಯದೆ ಎದ್ದುಹೋಗುವ ನಿಮಗೆ ಬರೆಯುತ್ತಿದ್ದೇನೆ. ನೂರಾರು ಮಂದಿ ಇರುವ ಗುಂಪಿನಲ್ಲಿ ಮಾತಾಡುವವರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಹೇಳುವುದಕ್ಕೆ, ಕೇಳುವುದಕ್ಕೆ ಏನೂ ಇಲ್ಲವೆಂದು ನಾನು ನಂಬಲಾರೆ. ಸೊಸೈಟಿಯ ಜಗಲಿಯಲ್ಲೋ, ಮದುವೆ ಮನೆಯ ಊಟದ ಪಂಕ್ತಿಯಲ್ಲೋ ಸಿಕ್ಕಾಗ ನೀವೇ ಹೇಳುತ್ತೀರಿ: "ಕೇಳ್ಬೇಕು ಅಂತ ಬರೆದಿದ್ದೆ ಮಾರಾಯ್ರೇ, ಕಳಿಸ್ಲಿಕ್ಕೆ ಧೈರ್ಯ ಬರ್ಲಿಲ್ಲ. ಅಳಿಸಿಬಿಟ್ಟೆ."

ಆ ಅಳುಕಿಗೆ ಕಾರಣಗಳಿವೆ. ಗುಂಪಿನಲ್ಲಿ ವಿಜ್ಞಾನಿಗಳಿದ್ದಾರೆ, ಪ್ರಶಸ್ತಿ ಪಡೆದ ಕೃಷಿಕರಿದ್ದಾರೆ. ಅವರ ಎದುರು 'ಇಷ್ಟೂ ಗೊತ್ತಿಲ್ಲವಾ' ಅನ್ನಿಸಿಕೊಳ್ಳಬೇಕಾದೀತು ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ಯಾರೂ ಬಾಯಿಬಿಟ್ಟು ಹೇಳದ್ದು ಇನ್ನೊಂದಿದೆ: ಅದೇ ಗುಂಪಿನಲ್ಲಿ ಬೀಗರಿದ್ದಾರೆ, ದಾಯಾದಿಗಳಿದ್ದಾರೆ, ಪಕ್ಕದ ತೋಟದವರಿದ್ದಾರೆ. ತೋಟಕ್ಕೆ ಹಳದಿ ಎಲೆ ರೋಗ ಬಂದಿದೆಯೆಂದು ನಾಲ್ಕು ಜನರೆದುರು ಒಪ್ಪಿಕೊಂಡರೆ ಜಾಗದ ಬೆಲೆ ಇಳಿಯುತ್ತದೆ, ಮಗನಿಗೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ಈ ಹೆದರಿಕೆಯನ್ನು ಹೇಡಿತನ ಎನ್ನುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಅದಕ್ಕೆ ನಾವು ತೆರುತ್ತಿರುವ ಬೆಲೆ ಮಾತ್ರ ಬಹಳ ಹೆಚ್ಚಾಯಿತು.

ಒಂದು ಉದಾಹರಣೆ ಹೇಳುತ್ತೇನೆ. ಎಳೆಯ ಅಡಿಕೆ ಉದುರುತ್ತಿದೆ ಎನ್ನಿ. ಉದುರುವುದಕ್ಕೆ ಕೊಳೆರೋಗವೇ ಕಾರಣವಾಗಬೇಕಿಲ್ಲ. ಕೊಳೆಯಾದರೆ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡುಹಸಿರು ಕಲೆ ಕಾಣುತ್ತದೆ, ಆಮೇಲೆ ಬಿಳಿ ಬೂಷ್ಟು. ತಿಗಣೆ ರಸ ಹೀರಿದ್ದಾದರೆ ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಗುರುತು. ಹತ್ತಿರದಿಂದ ತೆಗೆದ ಒಂದು ಫೋಟೋ ಹಾಕಿದರೆ, ನೋಡಿ ಪಳಗಿದವರು ವ್ಯತ್ಯಾಸವನ್ನು ಕೂಡಲೇ ಹೇಳಬಲ್ಲರು. ಕೇಳಲು ಸಂಕೋಚಪಟ್ಟವರೋ, ಕೊಳೆಯೇ ಇರಬೇಕೆಂದು ಇನ್ನೊಂದು ಸುತ್ತು ಬೋರ್ಡೋ ದ್ರಾವಣ ಬಿಡಿಸುತ್ತಾರೆ. ಮೈಲುತುತ್ತದ ಖರ್ಚು ಒಂದು ಕಡೆಗಿರಲಿ, ಮಳೆ ಬಿಟ್ಟ ಆ ಒಂದೆರಡು ದಿನಗಳಲ್ಲಿ ಮರ ಹತ್ತುವವರನ್ನು ಹುಡುಕಿ ತರುವ ಕಷ್ಟ ನಿಮಗೆ ಗೊತ್ತೇ ಇದೆ. ಇಷ್ಟೆಲ್ಲ ಮಾಡಿದರೂ ತಿಗಣೆಗೆ ಏನೂ ಆಗುವುದಿಲ್ಲ. ಕಾಯಿ ಉದುರುತ್ತಲೇ ಇರುತ್ತದೆ.

ಬೋರ್ಡೋ ಎಂದಾಗ ಅದು ಹುಟ್ಟಿದ ಬಗೆ ನೆನಪಾಗುತ್ತದೆ. ಫ್ರಾನ್ಸಿನ ಬೋರ್ಡೋ ಪಟ್ಟಣದ ಸಮೀಪ, ಮೆಡೋಕ್ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರ ಕಾಟ ತಡೆಯಲಾರದೆ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಎಲೆ ನೀಲಿಯಾಗಿ ಕಂಡರೆ ವಿಷವೆಂದು ಹೆದರಿ ಹಣ್ಣು ಕೀಳುವುದಿಲ್ಲ ಎಂಬ ಉಪಾಯ ಅದು. 1882ರಲ್ಲಿ ಸಸ್ಯವಿಜ್ಞಾನಿ ಮಿಲ್ಲಾರ್ಡೆ ಆ ದಾರಿಯಲ್ಲಿ ಹೋಗುವಾಗ, ಬೂಷ್ಟು ರೋಗದಿಂದ ಎಲ್ಲ ಕಡೆ ಎಲೆ ಉದುರುತ್ತಿದ್ದರೂ ರಸ್ತೆ ಬದಿಯ ಆ ಸಾಲು ಮಾತ್ರ ಹಸಿರಾಗಿರುವುದನ್ನು ಕಂಡರು. ಅದಕ್ಕೇನು ಹಾಕಿದ್ದೀರೆಂದು ತೋಟದ ಮೇಲ್ವಿಚಾರಕರನ್ನು ಕೇಳಿದರು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. 1885ರ ಹೊತ್ತಿಗೆ ಆ ದ್ರಾವಣ ಜಗತ್ತಿಗೆ ಗೊತ್ತಾಯಿತು. 'ಕಳ್ಳರನ್ನು ಹೆದರಿಸುವ ನಮ್ಮ ಹಳ್ಳಿಯ ಉಪಾಯವನ್ನು ವಿಶ್ವವಿದ್ಯಾಲಯದ ಪ್ರೊಫೆಸರಿಗೆ ಹೇಳುವುದುಂಟೇ' ಎಂದು ಆ ಮೇಲ್ವಿಚಾರಕರು ನಾಚಿಕೊಂಡು ಸುಮ್ಮನಿದ್ದಿದ್ದರೆ? ತಾನು ಹೇಳುತ್ತಿರುವುದರ ಬೆಲೆ ಎಷ್ಟೆಂಬುದು ಆ ಕ್ಷಣದಲ್ಲಿ ಅವರಿಗೂ ಗೊತ್ತಿರಲಿಲ್ಲ. ನಿಮ್ಮ ತೋಟದಲ್ಲಿ ನೀವು ಕಂಡಿದ್ದರ ಬೆಲೆ ನಿಮಗೂ ಗೊತ್ತಿರುವುದಿಲ್ಲ. ಅದನ್ನು ಬೇರೆಯವರ ಮುಂದೆ ಇಟ್ಟ ಮೇಲೆಯೇ ತಿಳಿಯುವುದು.

ಆ ದ್ರಾವಣ ನಮ್ಮ ಕೊನೆಗಳಿಗೆ ಬಂದ ಕತೆಯೂ ಹಾಗೆಯೇ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ, ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು, ಬೋರ್ಡೋ ಸಿಂಪಡಣೆ ಇಲ್ಲಿ ಬೇರೂರಲು ಕಾರಣರಾದರು. ತಮ್ಮ ತೋಟದಲ್ಲಿ ಕೊಳೆ ಇದೆಯೆಂದು ತೋರಿಸಲು ಬೆಳೆಗಾರರು ಒಪ್ಪದಿದ್ದರೆ ಯಾವ ಕೋಲ್ಮನ್ ಬಂದೂ ಪ್ರಯೋಜನವಿರುತ್ತಿರಲಿಲ್ಲ. ಇವತ್ತಿಗೂ ಅದೇ ಮಾತು. ಕಾಸರಗೋಡಿನ, ವಿಟ್ಲದ ತೋಟದ ಬೆಳೆ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ವಿಜ್ಞಾನಿಗಳು ಪ್ರತಿ ತೋಟಕ್ಕೂ ಬರಲಾರರು. ಎಲ್ಲಿ ಏನಾಗುತ್ತಿದೆಯೆಂದು ನೀವು ಹೇಳಿದರೆ ತಾನೇ ಅವರಿಗೂ ತಿಳಿಯುವುದು.

ಎಲೆಚುಕ್ಕಿ ರೋಗದ ಈ ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಟ್ಟ ಸಂಗತಿ ಇದು. ಯಾರೋ ಒಬ್ಬರು ಎರಡು ಮೂರು ಶಿಲೀಂಧ್ರನಾಶಕಗಳ ಹೆಸರು ಬರೆದು, 'ಇದನ್ನು ಬೆರೆಸಿ ಹೊಡೆದೆ, ನೂರಕ್ಕೆ ನೂರು ಗುಣವಾಯಿತು' ಎನ್ನುತ್ತಾರೆ. ಆ ಸಂದೇಶ ಕಳಸದಿಂದ ತೀರ್ಥಹಳ್ಳಿಗೆ, ಅಲ್ಲಿಂದ ಸುಳ್ಯಕ್ಕೆ ಹಾರುತ್ತದೆ. ಅದನ್ನೇ ಮಾಡಿ ಏನೂ ಪ್ರಯೋಜನ ಕಾಣದವರು ಎಷ್ಟೋ ಮಂದಿ ಇರುತ್ತಾರೆ. ಅವರು ಬರೆಯುವುದಿಲ್ಲ. 'ನಾನೇ ಎಲ್ಲೋ ಅಳತೆ ತಪ್ಪಿರಬೇಕು' ಎಂದುಕೊಂಡು ಸುಮ್ಮನಾಗುತ್ತಾರೆ. ಹೀಗಾಗಿ ಗುಂಪಿನಲ್ಲಿ ಗೆದ್ದವರ ಮಾತು ಮಾತ್ರ ಉಳಿಯುತ್ತದೆ, ಮುಂದಿನ ವರ್ಷ ಇನ್ನೊಬ್ಬರು ಸಾಲ ಮಾಡಿ ಅದೇ ಔಷಧಿ ತರುತ್ತಾರೆ. 'ನಮ್ಮಲ್ಲಿ ಇದು ಹಿಡಿಯಲಿಲ್ಲ' ಎಂಬ ಮೂರೇ ಪದ ನಿಮ್ಮಿಂದ ಬಂದಿದ್ದರೆ ಒಂದು ಮನೆಯ ದುಡ್ಡು ಉಳಿಯುತ್ತಿತ್ತು. ನಿಮ್ಮ ಮೌನದಿಂದ ಯಾರಿಗೂ ನಷ್ಟವಿಲ್ಲ ಎಂದು ದಯವಿಟ್ಟು ಭಾವಿಸಬೇಡಿ.

ಸೋತದ್ದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯಾದರೆ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರನ್ನು ನೆನೆಯಿರಿ. ಕೂಲಿಗೆ ಅಡಿಕೆ, ತೆಂಗಿನ ಮರ ಹತ್ತುತ್ತಿದ್ದವರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೀರು ಬರುವ ಮುಂಚೆ ಕೊರೆದ ಹಲವು ಸುರಂಗಗಳಲ್ಲಿ ನೀರು ಸಿಕ್ಕಿರಲಿಲ್ಲ. ಆ ನೀರಿಲ್ಲದ ಸುರಂಗಗಳನ್ನು ಬಿಟ್ಟು ಯಾರೂ ಅವರ ಕತೆ ಹೇಳುವುದಿಲ್ಲ, ಅವನ್ನು ಕೇಳಿದಾಗಲೇ ನಮಗೆ ಅವರ ಮೇಲೆ ಗೌರವ ಹೆಚ್ಚುವುದು.

ಇನ್ನು ಭಾಷೆಯ ಅಂಜಿಕೆ. 'ನನಗೆ ಬರೆಯಲಿಕ್ಕೆ ಬರುವುದಿಲ್ಲ, ಮನೆಮಾತು ತುಳು, ಕನ್ನಡ ಶುದ್ಧವಿಲ್ಲ' ಎನ್ನುವವರಿದ್ದಾರೆ. ಹವ್ಯಕ ಭಾಷೆಯವರೂ ಕೊಂಕಣಿಯವರೂ ಇದನ್ನೇ ಹೇಳುತ್ತಾರೆ. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಹೊರಟಾಗ ಕೃಷಿಕರ ಕೈಗೇ ಲೇಖನಿ ಕೊಡಬೇಕೆಂದು ಅದನ್ನು ಹೊರತಂದ ಶ್ರೀಪಡ್ರೆಯವರೂ ಅವರ ಬಳಗವೂ ಹಟ ಹಿಡಿದರು. ಅದುವರೆಗೆ ಲೆಕ್ಕದ ಪುಸ್ತಕ ಬಿಟ್ಟು ಬೇರೇನೂ ಬರೆಯದಿದ್ದ ಕೈಗಳು ಬರೆದವು. ಓದುಗರು ಕಾಗುಣಿತ ನೋಡಲಿಲ್ಲ, ವಿಷಯ ನೋಡಿದರು. ಆಗ ಇನ್‌ಲ್ಯಾಂಡ್ ಲೆಟರ್ ತರಬೇಕಿತ್ತು, ಅಂಚೆಗೆ ನಡೆಯಬೇಕಿತ್ತು. ಈಗ ಗುಂಡಿ ಒತ್ತಿ ಮಾತಾಡಿದರೆ ಸಾಕು, ದನಿಯೇ ಹೋಗುತ್ತದೆ. ನಿಮ್ಮ ಮನೆಮಾತಿನಲ್ಲೇ ಹೇಳಿ. ತುಳು ಬಾರದವರಿಗೆ ಅದನ್ನು ಕನ್ನಡದಲ್ಲಿ ತಿಳಿಸುವವರು ಗುಂಪಿನಲ್ಲಿ ಹತ್ತು ಜನ ಇರುತ್ತಾರೆ.

ಈ ಮಾತನ್ನು ಮನೆಯ ಹೆಂಗಸರಿಗೆ ಮುಟ್ಟಿಸಿ ಎಂದು ಗಂಡಸರನ್ನು ಕೈಮುಗಿದು ಕೇಳುತ್ತೇನೆ. ಗುಂಪಿನಲ್ಲಿರುವುದು ಯಜಮಾನರ ನಂಬರು. ಆದರೆ ಅಡಿಕೆ ಬೇಯಿಸುವಾಗ ಚೊಗರು ಎಷ್ಟಿದ್ದರೆ ಬಣ್ಣ ಹಿಡಿಯುತ್ತದೆ, ಅಂಗಳದ ಯಾವ ರಾಶಿಯಲ್ಲಿ ಬೂಷ್ಟು ಹತ್ತಿತು, ಸುಲಿಯುವಾಗ ಒಳಗೆ ಕೊಳೆತ ಕಾಯಿ ಯಾವ ಬದಿಯ ತೋಟದಿಂದ ಹೆಚ್ಚು ಬಂತು ಎಂಬುದೆಲ್ಲ ಅವರ ಕೈಗೆ ಗೊತ್ತು. ಹಾಗೆಯೇ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು. ಮರದ ತುದಿಯ ಮೊದಲ ಚುಕ್ಕಿ ಕಾಣುವುದು ಅವರಿಗೆ. ನಾವು ಕೆಳಗೆ ನಿಂತು ತಲೆಯೆತ್ತಿ ನೋಡುವವರು. ಅವರು ಹೇಳಿದ್ದನ್ನು ನಮ್ಮದೇ ಮಾತೆಂಬಂತೆ ಬರೆಯುವ ಬದಲು ಅವರನ್ನೇ ಗುಂಪಿಗೆ ಸೇರಿಸಿ, ಅವರೇ ಮಾತಾಡಲಿ. ಮಹಾಲಿಂಗ ನಾಯ್ಕರೂ ಮರ ಹತ್ತುವವರೇ ಆಗಿದ್ದರು.

ಗುಂಪಿನ ಹಿರಿಯರಲ್ಲೂ ಒಂದು ಬೇಡಿಕೆ ಇದೆ. ಹೊಸಬರು ಅಳುಕುವುದರಲ್ಲಿ ನಮ್ಮ ಪಾಲೂ ಇದೆ. 'ಇದನ್ನು ಹೋದ ವಾರವೇ ಚರ್ಚಿಸಿ ಆಗಿದೆ', 'ಮೊದಲು ಹಳೆಯದನ್ನು ಓದಿ ಬನ್ನಿ' ಎಂಬ ಉತ್ತರ ಒಮ್ಮೆ ಸಿಕ್ಕರೆ ಆ ಮನುಷ್ಯ ಮತ್ತೆ ಯಾವತ್ತೂ ಬಾಯಿ ತೆರೆಯುವುದಿಲ್ಲ. ಅದನ್ನು ನೋಡಿದ ಇನ್ನೂರು ಮಂದಿಯೂ ತೆರೆಯುವುದಿಲ್ಲ. ಪ್ರತಿ ಮಳೆಗಾಲಕ್ಕೂ ಹೊಸಬರು ತೋಟಕ್ಕೆ ಇಳಿಯುತ್ತಾರೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಕ್ಕಳಿದ್ದಾರೆ, ಗಂಡ ತೀರಿಕೊಂಡ ಮೇಲೆ ತೋಟದ ಭಾರ ಹೊತ್ತ ಹೆಣ್ಣುಮಕ್ಕಳಿದ್ದಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಇದು ನಿಮಗೆ ಬಾಯಿಪಾಠ. ಅವರಿಗೆ ಇದೇ ಮೊದಲ ಸಲ. ನೂರನೆಯ ಸಲವೂ ಮೊದಲ ಸಲದಂತೆ ಹೇಳಿ. ಉತ್ತರ ಗೊತ್ತಿಲ್ಲದಿದ್ದರೆ 'ನೋಡಿದೆ, ಗೊತ್ತಿರುವವರನ್ನು ಕೇಳಿ ಹೇಳುತ್ತೇನೆ' ಎಂದಾದರೂ ಬರೆಯಿರಿ. ಮೊದಲ ಸಲ ಬರೆದವರಿಗೆ ಯಾರೊಬ್ಬರೂ ಉತ್ತರಿಸದ ಒಂದು ದಿನ ಬಹಳ ದೀರ್ಘವಾದದ್ದು. ತಪ್ಪು ಹೇಳಿದವರನ್ನು ತಿದ್ದಬೇಕಾದರೆ ಅವರ ತೋಟದ ಪರಿಸ್ಥಿತಿ ಕೇಳಿಕೊಂಡು ತಿದ್ದಿ. ಇನ್ನೊಬ್ಬರ ತೋಟದ ರೋಗವನ್ನು ಸಂಬಂಧ ಕುದುರಿಸುವಲ್ಲಿ, ಜಾಗದ ವ್ಯಾಪಾರದಲ್ಲಿ ಆಡಿಕೊಳ್ಳುವುದಿಲ್ಲ ಎಂಬ ಮರ್ಯಾದೆಯನ್ನು ನಾವೆಲ್ಲ ಪಾಲಿಸಲೇಬೇಕು. ಅದಿಲ್ಲದೆ ಯಾರನ್ನೂ ಧೈರ್ಯವಾಗಿ ಬರೆಯಿರಿ ಎನ್ನುವ ಹಕ್ಕು ನಮಗಿಲ್ಲ.

ಇನ್ನೊಂದು ಅಭ್ಯಾಸವಿದೆ. ಗುಂಪಿನಲ್ಲಿ ಕೇಳಲು ಅಂಜಿ, ಗೊತ್ತಿರುವವರೊಬ್ಬರಿಗೆ ರಾತ್ರಿ ಖಾಸಗಿಯಾಗಿ ಫೋನು ಮಾಡುವುದು. ಮಾಡಿ, ತಪ್ಪೇನಿಲ್ಲ. ಆದರೆ ಅವರು ಅದೇ ಉತ್ತರವನ್ನು ಆ ವಾರ ಎಷ್ಟು ಜನರಿಗೆ ಬೇರೆಬೇರೆಯಾಗಿ ಹೇಳುತ್ತಾರೋ! ಸಿಕ್ಕ ಉತ್ತರವನ್ನಾದರೂ ಎರಡು ಸಾಲಿನಲ್ಲಿ ಗುಂಪಿಗೆ ಹಾಕಿ. ನಿಮ್ಮಂತೆಯೇ ಅಳಿಸಿ ಕೂತ ಇನ್ನೊಬ್ಬರಿಗೆ ಅದು ಬೇಕಾಗಿರುತ್ತದೆ.

ಹೇಗೆ ಶುರು ಮಾಡುವುದೆಂದು ಕೇಳುತ್ತೀರಿ. ಪೀಠಿಕೆ ಬೇಡ, 'ತಪ್ಪಿದ್ದರೆ ಕ್ಷಮಿಸಿ' ಬೇಡ. ಊರು, ತೋಟದ ವಯಸ್ಸು, ಗದ್ದೆ ತೋಟವೋ ಗುಡ್ಡೆ ತೋಟವೋ, ಕೊನೆಯ ಸಲ ಏನು ಹೊಡೆದಿರಿ, ಈಗ ಏನು ಕಾಣುತ್ತಿದೆ, ಒಂದು ಫೋಟೋ. ಹೀಗೆ: 'ನಮ್ಮದು ಹೊಸನಗರ ಕಡೆ. ಹನ್ನೆರಡು ವರ್ಷದ ತೋಟ, ತಗ್ಗಿನ ಜಾಗ. ಬೋರ್ಡೋ ಹೊಡೆದು ಇಪ್ಪತ್ತು ದಿನ ಆಯಿತು. ಎಳೆಕಾಯಿ ಉದುರ್ತಾ ಇದೆ. ಫೋಟೋ ಹಾಕಿದ್ದೇನೆ. ಇದು ಕೊಳೆಯೋ, ತಿಗಣೆಯೋ?' ಇಷ್ಟು ಬರೆದು ಕಳಿಸಿ. ಉತ್ತರ ತಡವಾದರೂ ಅಳಿಸಬೇಡಿ.