ಟರ್ಬೋ ಇದೆ ಸರಿ, ತಿರುಗಿಸೋರು ಯಾರು?

ಟರ್ಬೋ ಕಾರು ಕೊಂಡು, ರೀಮ್ಯಾಪ್ ಮಾಡಿಸಿ, ವೀಕೆಂಡಿಗೆ ನೇರ ರಸ್ತೆ ಹುಡುಕಿಕೊಂಡು ಹೊರಡೋ ಗೆಳೆಯರ ಬಗ್ಗೆ ನಂದೊಂದು ತಕರಾರಿದೆ. ಹಿರಿಯೂರು ದಾಟಿ ಚಳ್ಳಕೆರೆ ಕಡೆ ಹೋಗೋ 150ಎ ಹೆದ್ದಾರಿಯಲ್ಲಿ ಆಕ್ಸಿಲರೇಟರ್ ತುಳಿಯೋಕೆ ಯಾವ ವಿದ್ಯೆಯೂ ಬೇಕಿಲ್ಲ ಸ್ವಾಮಿ. ಎದುರಿಗೆ ಕುರಿ ಹಿಂಡೋ, ಶೇಂಗಾ ಹೇರಿಕೊಂಡ ಟ್ರ್ಯಾಕ್ಟರೋ ಬಂದ್ರೆ ನಿಮ್ಮ ಶೋಕಿಯ ಬೆಲೆ ತೆರೋದು ಆ ಊರಿನವರು. ನಿಜವಾಗ್ಲೂ ಓಡಿಸೋದು ಕಲೀಬೇಕಾ? ಆಟೋಕ್ರಾಸ್‌ಗೆ ಬನ್ನಿ. ಬೇರೆ ವಾಹನ ಬಾರದ ಮೈದಾನ, ಪ್ಲಾಸ್ಟಿಕ್ ಕೋನ್‌ಗಳು, ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಅಂದ್ರೆ ಗಡಿಯಾರ. ಬಹುಪಾಲು ಎರಡನೇ ಗೇರ್‌ನಲ್ಲೇ ಮುಗಿದುಹೋಗುತ್ತೆ.

"ಪವರ್ ಜಾಸ್ತಿ ಇದ್ರೆ ಗೆದ್ದಂಗೇ" ಅನ್ನೋ ಮಾತು ಅಲ್ಲಿ ಮೊದಲ ತಿರುವಿನಲ್ಲೇ ಸುಳ್ಳಾಗುತ್ತೆ. ಫ್ರಂಟ್ ವೀಲ್ ಡ್ರೈವ್ ಕಾರಲ್ಲಿ ಮುಂದಿನ ಎರಡು ಟೈರೇ ಎಳೀಬೇಕು, ತಿರುಗಬೇಕು, ಬ್ರೇಕಿನ ಹೆಚ್ಚಿನ ಕೆಲಸಾನೂ ಮಾಡಬೇಕು. ಹಿಡಿತವನ್ನೆಲ್ಲ ತಿರುಗೋಕೇ ಖರ್ಚು ಮಾಡಿದ್ರೆ ಎಳೆಯೋಕೆ ಏನೂ ಉಳಿಯಲ್ಲ. ಸಾಲದ್ದಕ್ಕೆ, ಆಕ್ಸಿಲರೇಟರ್ ತುಳಿದಾಗ ಭಾರ ಹಿಂದಕ್ಕೆ ಹೋಗಿ ಮುಂದಿನ ಟೈರು ಇನ್ನಷ್ಟು ಹಗುರಾಗುತ್ತೆ. 2020ರಲ್ಲಿ ಇಲ್ಲಿಗೆ ಬಂದ 245 ಪಿಎಸ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಕಂಪನಿಯೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿ ಕಳಿಸಿದ್ದು ಸುಮ್ಮನೆ ಅಲ್ಲ.

ಟರ್ಬೋದ ಚಾಳಿ ಬೇರೆ ಇದೆ. ಕೇಳಿದ ಕೂಡಲೇ ಕೊಡಲ್ಲ. ತಿರುವಿನ ಮಧ್ಯೆ ತುಳಿದ್ರೆ ಬೂಸ್ಟ್ ಅರೆಕ್ಷಣ ತಡವಾಗಿ, ಒಟ್ಟಿಗೇ ಬರುತ್ತೆ. ಒಳಗಿನ ಚಕ್ರ ಗಿರಗಿರ ಸುತ್ತುತ್ತೆ, ಮೂತಿ ಹೊರಕ್ಕೆ ಜಾರುತ್ತೆ, ಕೋನ್ ಹಾರುತ್ತೆ. ಆಗ ಸ್ಟೀರಿಂಗನ್ನ ಇನ್ನಷ್ಟು ತಿರುಗಿಸೋದು ನಮ್ಮವರ ಚಟ. ಮಾಡಬೇಕಾದ್ದು ತದ್ವಿರುದ್ಧ: ಕಾಲು ಸ್ವಲ್ಪ ಸಡಿಲಿಸಿ, ಸ್ಟೀರಿಂಗೂ ಚೂರು ವಾಪಸ್ ಬಿಡಿ. ಟೈರು ಮತ್ತೆ ನೆಲ ಕಚ್ಚುತ್ತೆ.

ಕ್ರಮ ಇಷ್ಟೇ. ಓಟಕ್ಕೆ ಮೊದಲು ಟ್ರ್ಯಾಕ್ ಪೂರ್ತಿ ನಡೆದು ನೋಡಿ. ಜೋರು ಬ್ರೇಕ್ ನೇರದಲ್ಲೇ ಹಾಕಿ, ತಿರುಗಿಸ್ತಾ ನಿಧಾನಕ್ಕೆ ಬಿಡಿ. ಭಾರ ಮುಂದಿದ್ರೆ ಮೂತಿ ಮಾತು ಕೇಳುತ್ತೆ. ಆಮೇಲೆ ಆಕ್ಸಿಲರೇಟರ್ ಮೇಲೆ ಮೊಟ್ಟೆ ಇದೆ ಅನ್ನೋ ಹಾಗೆ ಕಾಲಿಡಿ, ಸ್ಟೀರಿಂಗ್ ನೇರವಾದ ಹಾಗೆಲ್ಲ ಒತ್ತುತ್ತಾ ಹೋಗಿ. ನಡುತಿರುವಲ್ಲಿ ಫಕ್ಕನೆ ಕಾಲು ತೆಗೆದ್ರೆ ಹಿಂಭಾಗ ಬಾಲ ಬೀಸುತ್ತೆ, ಹುಷಾರು. ರೀಮ್ಯಾಪ್‌ಗೆ ಸುರಿಯೋ ದುಡ್ಡಲ್ಲಿ ನಾನಾದ್ರೆ ಒಳ್ಳೆ ಟೈರು, ಗಾಳಿ ನೋಡೋ ಗೇಜು ತರ್ತೀನಿ.

ಚಳ್ಳಕೆರೆಯಿಂದಲೇ ಪಾಠ ಬೇಕಂದ್ರೆ ಅಲ್ಲಿನ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆಯಲ್ಲ. 2024ರ ಜೂನ್ 23ರಂದು ಇಸ್ರೋದ 'ಪುಷ್ಪಕ್' ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಅಲ್ಲಿ ಇಳಿಯಿತು. ಮೊದಲು ಪ್ಯಾರಾಚೂಟ್ ಆ ವೇಗವನ್ನು 100ರ ಆಸುಪಾಸಿಗೆ ತಂತು, ಚಕ್ರದ ಬ್ರೇಕ್ ಹಾಕಿದ್ದು ಆಮೇಲೆ. ಎಲ್ಲ ಕೆಲಸವನ್ನೂ ಒಂದೇ ಸಲ ಟೈರಿನ ತಲೆಗೆ ಕಟ್ಟಲಿಲ್ಲ. ರಾಕೆಟ್ ಮಾಡೋರಿಗೇ ಇಷ್ಟು ತಾಳ್ಮೆ ಇರುವಾಗ ಇಎಂಐ ಕಟ್ಟೋ ನಮಗೆ ಯಾಕಿರಬಾರದು?

ಹಾಗಂತ ಅಲ್ಲಿನ ಅಮೃತಮಹಲ್ ಕಾವಲಿನ ಹುಲ್ಲಿಗೆ ಕಾರು ಇಳಿಸೋ ಐಡಿಯಾ ಬೇಡ. ಅದು ದನಕುರಿಗಳ ಮೇವು. ಕ್ಲಬ್‌ನವರು ಅನುಮತಿ ಪಡೆದು ನಡೆಸೋ ಈವೆಂಟಿಗೆ ಬನ್ನಿ, ಅದೂ ರೀಮ್ಯಾಪ್‌ಗೆ ಮೊದಲು. ಅದೇ ಕಾರು, ಅದೇ ಟೈರು, ಹತ್ತು ಸುತ್ತು. ಮೊದಲ ಸುತ್ತಿಗೂ ಕೊನೆಯದಕ್ಕೂ ನಡುವೆ ಎಷ್ಟು ಸೆಕೆಂಡ್ ಉಳಿಸಿದ್ರಿ ನೋಡಿ. ಅಷ್ಟನ್ನು ಯಾವ ಟ್ಯೂನರ್ ಎಷ್ಟಕ್ಕೆ ಮಾರ್ತಾನೆ ಅಂತ ಆಮೇಲೆ ವಿಚಾರಿಸಿ.