ಹಸಿದ ಬಾವಲಿಯ ಪಾಠ
ಮೊನ್ನೆ ಸಂಜೆ ದೆಹಲಿಯ ಜನಪಥದಲ್ಲಿ ಸಿಗ್ನಲ್‌ಗೆ ನಿಂತ ಆಟೋದಿಂದ ತಲೆಯೆತ್ತಿದರೆ ಮತ್ತಿ ಮರದ ತುಂಬ ದೊಡ್ಡ ಬಾವಲಿಗಳು. ಒಂದು ರೆಕ್ಕೆ ಬಿಚ್ಚಿ, ಮೈ ಕೆರೆದುಕೊಂಡು, ಮತ್ತೆ ರೆಕ್ಕೆ ಹೊದ್ದು ಜೋತುಬಿತ್ತು. ‘ಕೊರೊನಾ ತಂದದ್ದು ಇವೇ ಸಾಬ್’ ಎಂದು ಚಾಲಕ ಮುಖ ಸಿಂಡರಿಸಿದ. ನನಗೆ ನೆನಪಾದದ್ದು ಪಶುವೈದ್ಯೆಯಾಗಿ ಓದಿ, ಬಾವಲಿ ಮತ್ತು ರೋಗದ ನಂಟನ್ನೇ ವೃತ್ತಿಯಾಗಿಸಿಕೊಂಡ ಆಸ್ಟ್ರೇಲಿಯಾದ ವಿಜ್ಞಾನಿ ರೈನಾ ಪ್ಲೋರೈಟ್. 1994ರಲ್ಲಿ ಬ್ರಿಸ್ಬೇನಿನ ಲಾಯವೊಂದರಲ್ಲಿ ಕುದುರೆಗಳನ್ನೂ ಅವುಗಳ ತರಬೇತುದಾರನನ್ನೂ ಬಲಿ ಪಡೆದದ್ದು ಹೆಂಡ್ರಾ ವೈರಸ್. ಬಾವಲಿಗಳಿಂದ ಬರುವ ಅದರ ಜಾಡು ಹಿಡಿದ ಪ್ಲೋರೈಟ್ ಮತ್ತು ಸಂಗಡಿಗರು 25 ವರ್ಷಗಳ ಲೆಕ್ಕ ಜೋಡಿಸಿ 2022ರಲ್ಲಿ ತೋರಿಸಿದ್ದಿಷ್ಟು: ಕಾಡು ಕಡಿದು ಚಳಿಗಾಲದ ಹೂವು ಸಿಗದಾದಾಗ ಹಸಿದ ಬಾವಲಿಗಳು ಕುದುರೆ ಮೇಯುವ ಜಾಗಗಳತ್ತ ಬಂದವು, ಸೋಂಕು ದಾಟಿತು, ಅಲ್ಲಿನ ನೀಲಗಿರಿ ಮರಗಳ ಕಾಡು ಮೈತುಂಬ ಹೂಬಿಟ್ಟ ಚಳಿಗಾಲದಲ್ಲಿ ಅವು ಅತ್ತ ಹೋದವು, ಸೋಂಕೂ ನಿಂತಿತು. ಹಸಿದ ಮಗುವಿಗೆ ನೆಗಡಿ ಬೇಗ ಎನ್ನುತ್ತಿದ್ದ ನಮ್ಮಜ್ಜಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ. ರೋಗನಿರೋಧಕ ಶಕ್ತಿ ಪ್ರಯೋಗಾಲಯದ ಸೀಸೆಯಲ್ಲಷ್ಟೇ ಇಲ್ಲ, ಕೊಂಬೆಯ ಮೇಲೂ ಇದೆ. ಲಸಿಕೆಗೆ ತೋಳು ಚಾಚುವಷ್ಟೇ ಆಸ್ಥೆಯಿಂದ ಮರಗಳಿಗೆ ಬೀಳುವ ಗರಗಸವನ್ನೂ ತಡೆಯೋಣ.